ಬಾವಿಯ ಮೆಟ್ಟಿಲ ಮೇಲಿನ ದವಾಖಾನೆ

ಆ ಊರಿನ ಕುಡಿಯುವ ನೀರನ್ನು ಕೆಡಿಸಿದವಳು ನಾನು. ನಾನೊಬ್ಬಳೇ ಅಲ್ಲ. ಆದರೆ ಸರಕಾರದ ಪಗಾರ ತಿಂದು, ದಿನಾ ಮುಂಜಾನೆ ಹೊತ್ತಿಗೆ ಸರಿಯಾಗಿ ಹೋಗಿ, ಶಿಸ್ತಿನಿಂದ ಕೆಡಿಸಿದವಳು ನಾನೊಬ್ಬಳೇ. ನಾರು ಹುಣ್ಣು ದೇವರ ಕಾಟವಲ್ಲ, ಹಣೆಬರಹವಲ್ಲ. ಕೆಟ್ಟ ನೀರಿನಿಂದ ಬಂದದ್ದು. ನೀರನ್ನು ಕೆಡಿಸಿದ್ದು ಮನುಷ್ಯರ ಕಾಲು. ಆ ಕಾಲುಗಳನ್ನು ಸಾಲಾಗಿ ನೀರಿಗೆ ಇಳಿಸಿದ್ದು ನಾನು.

ಈಗ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬಂದು, "ಅಜ್ಜಿ, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಗ್ತೈತಿ" ಎಂದರು. ನಾನು ಓದಿದ್ದು ಕನ್ನಡ ಸಾಲೆಯ ಮೂರನೆಯ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತನ್ನು ತಿದ್ದಬೇಡಿ. ಯಾವ ವರ್ಷ ಬಡ್ತಿ ಬಂತು, ಯಾವ ಸಾಹೇಬರು ಶಾಲು ಹೊದಿಸಿದರು ಎಂದು ಬರೆಯುವುದಿಲ್ಲ. ಅದರಿಂದ ನಿಮಗೆ ಏನೂ ಸಿಗುವುದಿಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ. ಇಂಡಿ ತಾಲೂಕಿನ ಒಂದು ದೊಡ್ಡ ಊರು ಎಂದು ತಿಳಿಯಿರಿ. ಅಲ್ಲಿ ತಪ್ಪು ಮಾಡಿದವರ ಮೊಮ್ಮಕ್ಕಳು ಇದ್ದಾರೆ, ಅವರ ತಪ್ಪೇನೂ ಇಲ್ಲ.

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಡಿಲಲ್ಲಿ ಒಂದು ಹೆಣ್ಣು ಕೂಸಿತ್ತು. ಊರಿನ ದವಾಖಾನೆಯಲ್ಲಿ ಆಯಾ ಬೇಕಾಗಿತ್ತು, ಸೇರಿದೆ. ನೆಲ ಒರೆಸುವುದು, ಗಾಯದ ಪಟ್ಟಿ ಒಗೆಯುವುದು, ಸೂಜಿ ಕುದಿಸುವುದು ನನ್ನ ಕೆಲಸ. ಆಗ ನಮ್ಮದು ಮುಂಬೈ ಸರಕಾರ. ಎರಡು ವರ್ಷದ ಮೇಲೆ ಮೈಸೂರು ಸರಕಾರ ಬಂತು. ದಫ್ತರದ ಮೇಲಿನ ಹೆಸರು ಬದಲಾಯಿತು, ನೀರು ಬದಲಾಗಲಿಲ್ಲ.

ನಾರು ನೋಡದವರಿಗೆ ಹೇಳಿಬಿಡುತ್ತೇನೆ. ಬೇಸಿಗೆ ಬಂತೆಂದರೆ ಮನುಷ್ಯನ ಮೊಣಕಾಲಿನ ಕೆಳಗೆ ಒಂದು ಗುಳ್ಳೆ ಏಳುತ್ತದೆ. ಕೆಂಡ ಇಟ್ಟ ಹಾಗೆ ಉರಿ. ಗುಳ್ಳೆ ಒಡೆದರೆ ಒಳಗಿಂದ ಬಿಳಿ ನೂಲಿನಂಥ ಹುಳದ ತುದಿ ಕಾಣುತ್ತದೆ. ಉದ್ದ ಒಂದು ಮೊಳ, ಕೆಲವು ಎರಡು ಮೊಳ. ಅದನ್ನು ಎಳೆಯುವ ಹಾಗಿಲ್ಲ. ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಹೊರಗೆ ತೆಗೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಒಳಗೆ ಉಳಿದ ತುಂಡು ಕೊಳೆತು ಕಾಲು ಕಂಬದ ಹಾಗೆ ಬಾತುಕೊಳ್ಳುತ್ತದೆ. ಹದಿನೈದು ದಿನ, ತಿಂಗಳು, ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ. ಬಿತ್ತನೆಯ ಹೊತ್ತಿಗೆ ಅರ್ಧ ಊರು ಕುಂಟುತ್ತಿತ್ತು.

ನನ್ನ ತಾಯಿಯ ತಾಯಿ ನಾರು ತೆಗೆಯುವುದರಲ್ಲಿ ಹೆಸರಾದವಳು. ಅವಳ ಕೈ ನೋಡಿ ಕಲಿತಿದ್ದೆ. ತಣ್ಣೀರಿನಲ್ಲಿ ಕಾಲಿಟ್ಟರೆ ಉರಿ ಇಳಿಯುತ್ತದೆ, ನಾರು ಸಡಿಲಾಗುತ್ತದೆ, ಸುಲಭವಾಗಿ ಬರುತ್ತದೆ. ಇದು ಅವಳ ವಿದ್ಯೆ. ಸುಳ್ಳಲ್ಲ, ಈಗಲೂ ಖರೆ. ದವಾಖಾನೆಯಲ್ಲಿ ಬುಟ್ಟಿಯಷ್ಟು ಅಗಲದ ತಗಡಿನ ಬೋಗುಣಿಯಲ್ಲಿ ನೀರು ಹಾಕಿ ಒಬ್ಬೊಬ್ಬರ ಕಾಲು ಇಡಿಸುತ್ತಿದ್ದೆ. ಜನ ಹೆಚ್ಚಾದರು. ನೆಲವೆಲ್ಲ ರಾಡಿ.

ಆಗಿನ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರು ಮೂಗಿಗೆ ವಸ್ತ್ರ ಹಿಡಿದು ಹೇಳಿದರು: "ಹುಸೇನಬಿ, ಇಲ್ಲಿ ಗಲೀಜು ಬ್ಯಾಡ. ನಾರಿನ ಮಂದಿನ್ನ ಬಾವಿ ಕಡೆ ಕರ್ಕೊಂಡು ಹೋಗು. ಹೆಂಗೂ ನೀರು ಅಲ್ಲೇ ಐತಿ."

ಹೋದೆ. ಮರುದಿನದಿಂದ ನನ್ನ ದವಾಖಾನೆ ಬಾವಿಯ ಮೆಟ್ಟಿಲ ಮೇಲೆ ನಡೆಯಿತು.

ಆ ಬಾವಿಗೆ ಒಂದು ಕಡೆ ಕಲ್ಲಿನ ಮೆಟ್ಟಿಲು, ಉಳಿದ ಮೂರು ಕಡೆ ನೇರ ಗೋಡೆ. ಇಡೀ ಊರು ಕುಡಿಯುವ ನೀರು ಅದೊಂದೇ. ಬಲಗಡೆ ನನ್ನ ರೋಗಿಗಳು ಸಾಲಾಗಿ ಕೂತು ಮೊಣಕಾಲ ತನಕ ಕಾಲು ಇಳಿಬಿಡುತ್ತಿದ್ದರು. ಎಡಗಡೆ ಹೆಂಗಸರು ಕೊಡ ಮುಳುಗಿಸುತ್ತಿದ್ದರು. ನೀರು ತಾಗಿದ ಕೂಡಲೇ ನಾರಿನ ಬಾಯಿಂದ ಹಾಲಿನಂಥದ್ದು ಹೊರಗೆ ಬರುತ್ತಿತ್ತು. ಕೆಟ್ಟದ್ದೆಲ್ಲ ಹೋಯಿತು ಎಂದು ನಾವು ಸಮಾಧಾನ ಪಡುತ್ತಿದ್ದೆವು. ಎಲ್ಲಿಗೆ ಹೋಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ಕೇಳಲು ಮೂರನೆಯ ಇಯತ್ತೆ ಸಾಕಾಗಿತ್ತು.

ನಗೆಚಾಟಿಕೆಗೇನೂ ಕೊರತೆ ಇರಲಿಲ್ಲ. ಸಂಗಪ್ಪಜ್ಜನಿಗೆ ಒಂದೇ ಬೇಸಿಗೆಯಲ್ಲಿ ಐದು ನಾರು ಎದ್ದಿದ್ದವು. "ಐದು ಮಂದಿ ಮಕ್ಕಳನ್ನ ಹಡದೇನಿ, ಕೂಗಿ ಕರದ್ರೂ ಒಬ್ಬಾವ ಹೊರಗ ಬರಂಗಿಲ್ಲ. ಇವು ನೋಡ ಬೇ ಹುಸೇನವ್ವ, ಕರೀದ ಬಂದಾವ" ಎನ್ನುತ್ತಿದ್ದ. ಕೊಡ ತುಂಬುವ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ಕೈಗುಣದ ಮಾತು ಚಡಚಣದ ಸಂತೆಯ ತನಕ ಹೋಗಿತ್ತು. ಗಂಡನಿಲ್ಲದ ಹೆಂಗಸಿಗೆ ಹೆಸರು ಎಂಬುದು ದೊಡ್ಡ ಆಸರೆ. ನನಗೆ ಅದರ ರುಚಿ ಹತ್ತಿತ್ತು.

ಈಗ ಸಿಟ್ಟು ಬರುವ ಮಾತು. ಡಾಕ್ಟರ ಮನೆ ದವಾಖಾನೆಯ ಹಿಂದೆಯೇ ಇತ್ತು. ಅವರ ಮನೆಗೂ ನೀರು ಅದೇ ಬಾವಿಯದು. ಆಳು ತಂದ ನೀರನ್ನು ಡಾಕ್ಟರ ಹೆಂಡತಿ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಹಂಡೆಯ ಬಾಯಿಗೆ ಕಟ್ಟಿ ಸೋಸುತ್ತಿದ್ದರು. ಆಮೇಲೆ ಒಲೆಯ ಮೇಲಿಟ್ಟು ಕುದಿಸುತ್ತಿದ್ದರು. ದಿನಾ ನಾನು ಅಂಗಳ ಗುಡಿಸುತ್ತ ನೋಡುತ್ತಿದ್ದೆ. ಒಮ್ಮೆ ಕೇಳಿದೆ: "ಬಾಯಿಯವರ, ಇಷ್ಟ್ಯಾಕ ಸೋಸ್ತೀರಿ?"

"ನಮ್ಮನ್ಯಾಗ ಹಂಗ ನಡಕೋತ ಬಂದೈತಿ. ನೀ ದೂರ ಸರಿ, ಹಂಡೆಕ್ಕ ಸೆರಗು ತಾಗೀತು" ಎಂದರು.

ನಾನು ಅದನ್ನು ಮಡಿ ಎಂದುಕೊಂಡೆ. ನಮ್ಮ ಕಡೆ ನೀರು ಸೋಸುವ ಮನೆಗಳು ಮೊದಲಿನಿಂದಲೂ ಇದ್ದವು, ಜಾತಿಗೆ ಒಂದು ಪದ್ಧತಿ, ಅದರಲ್ಲಿ ಇದೂ ಒಂದು ಎಂದು ಸುಮ್ಮನಾದೆ. ಊರೂ ಹಾಗೇ ತಿಳಿಯಿತು. ಆ ಮನೆಯಲ್ಲಿ ಒಬ್ಬರಿಗೂ ನಾರು ಏಳಲಿಲ್ಲ. ಅವರಿಗೆ ಇಂಜೆಕ್ಷನ್ ಇರುತ್ತದೆ ಎಂದರು ಜನ.

ನಾರು ಏಳದವರು ಇನ್ನೂ ಒಂದು ಕಡೆ ಇದ್ದರು. ಊರ ಹೊರಗಿನ ಕೇರಿಯ ಮಂದಿ. ಅವರನ್ನು ಬಾವಿಯ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ಅವರು ಹಳ್ಳದ ಉಸುಕಿನಲ್ಲಿ ವರ್ತಿ ಎಂಬ ಸಣ್ಣ ಗುಂಡಿ ತೋಡಿ, ಜಿನುಗಿದ ನೀರನ್ನು ಪರಟೆಯಲ್ಲಿ ಮೊಗೆದು ತುಂಬಿಕೊಳ್ಳುತ್ತಿದ್ದರು. ಒಂದು ಕೊಡಕ್ಕೆ ಒಂದು ತಾಸು. ಅವರ ದೇವಿ ಬಲವಾದವಳು, ಕಾಯುತ್ತಾಳೆ ಎಂದು ಊರಿನವರು ಹೇಳುತ್ತಿದ್ದರು. ದವಾಖಾನೆಯ ಹೊರಗೆ ಕಸ ಹೊಡೆಯಲು ಬರುತ್ತಿದ್ದ ಯಮನವ್ವ ಆ ಕೇರಿಯವಳು. ಅವಳಿಗೆ ಈ ಮಾತು ಹೇಳಿದೆ.

"ದೇವಿ ಕಾಯ್ತಾಳೋ ಇಲ್ಲೋ ಗೊತ್ತಿಲ್ಲ ಬೂಬವ್ವ" ಎಂದಳು. "ನಮ್ಮನ್ನೂ ಬಾವ್ಯಾಗ ಇಳಿಯಾಕ ಬಿಡ್ರಿ. ನಿಮ್ಮ ನಾರಿನಾಗ ನಮಗೂ ಒಂದು ಪಾಲು ಸಿಗಲಿ."

ಐದು ಬೇಸಿಗೆ ಹೀಗೆ ಹೋದವು. ಹಳೆಯ ಡಾಕ್ಟರಿಗೆ ಬದಲಿಯಾಗಿ ಹೊಸಬರು ಬಂದರು. ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ಬಾಯಿ ಜೋರು. ಬಂದ ಮೂರನೆಯ ದಿನ ನನ್ನ ಕೆಲಸ ನೋಡಲು ಬಾವಿಗೆ ಬಂದರು. ಅಂದು ಹನ್ನೊಂದು ಮಂದಿಯನ್ನು ಕೂಡಿಸಿದ್ದೆ. ಶಹಬ್ಬಾಸ್ ಎನ್ನುತ್ತಾರೆ ಎಂದು ನೆಟ್ಟಗೆ ನಿಂತೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಎಷ್ಟು ವರ್ಷ ಆತು ಇದು?"

"ಐದು ಬ್ಯಾಸಿಗಿ ಆತ್ರಿ."

"ಯಾರು ಹೇಳಿದ್ರು ನಿನಗ?"

"ಮೊದಲಿನ ಸಾಹೇಬ್ರು ಹೇಳಿದ್ರಿ."

ಅವರು ಗಾಜಿನ ಲೋಟ ತರಿಸಿದರು. ಎಡಗಡೆಯ ನೀರನ್ನು ಮೊಗೆದು ಬಿಸಿಲಿಗೆ ಹಿಡಿದರು. ಒಳಗೆ ಸಾಸಿವೆಯಲ್ಲಿ ಕಾಲು ಭಾಗದಷ್ಟು ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು.

"ಕಾಣ್ತಾವು?"

"ಕಾಣ್ತಾವ್ರಿ. ನೀರಿನ ಹುಳ. ಯಾವಾಗಲೂ ಇರ್ತಾವು, ಏನೂ ಮಾಡಂಗಿಲ್ಲ."

"ನಾರು ನೀರಾಗ ಬಿಡ್ತೈತಲ್ಲ ಹಾಲಿನಂಗ, ಅದರ ತುಂಬ ಅದರ ಮರಿ. ಈ ಹುಳ ಆ ಮರಿ ತಿಂತೈತಿ. ನೀವು ಈ ಹುಳ ಕುಡೀತೀರಿ. ಒಂದು ವರ್ಷ ಒಳಗ ಬೆಳದು, ಬರೂ ಬ್ಯಾಸಿಗಿಗೆ ಕಾಲಾಗ ಬರ್ತೈತಿ. ಆ ಕಾಲನ್ನ ನೀ ಮತ್ತ ತಂದು ಇಲ್ಲೇ ಇಳಸ್ತಿ."

ನನ್ನ ಕೈಯಲ್ಲಿ ಸಂಗಪ್ಪಜ್ಜನ ಕಾಲಿನ ಕಡ್ಡಿ ಇತ್ತು.

"ಯಾರಿಗೆ ಬರಂಗಿಲ್ಲ ನಾರು, ಈ ಊರಾಗ?" ಎಂದು ಕೇಳಿದರು. ಕೇರಿಯವರಿಗೆ ಬರುವುದಿಲ್ಲ, ಅವರು ಉಸುಕಿನ ವರ್ತಿ ನೀರು ಕುಡಿಯುತ್ತಾರೆ ಎಂದೆ. ಹಳೆಯ ಡಾಕ್ಟರ ಮನೆಯಲ್ಲೂ ಬರಲಿಲ್ಲ, ಅವರು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸುತ್ತಿದ್ದರು ಎಂದೆ.

"ಇಷ್ಟೆಲ್ಲಾ ನೋಡಿದಾಕಿ ಯಾರಿಗೂ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ?" ಎಂದೆ. ಆಗ ಅದು ಒಳ್ಳೆಯ ಉತ್ತರ ಎನಿಸಿತು. ಈಗ ಎನಿಸುವುದಿಲ್ಲ.

ಹೊಸ ಡಾಕ್ಟರು ಎರಡು ಮಾತು ಹೇಳಿದರು. ನಾರು ಎದ್ದವರು ಬಾವಿಗೆ ಇಳಿಯಬಾರದು. ಮೆಟ್ಟಿಲು ಮುಚ್ಚಿ, ಮೇಲಿನಿಂದ ಹಗ್ಗ ಹಾಕಿ ಸೇದಬೇಕು. "ಇದನ್ನ ಊರಿಗೆ ನೀನ ಹೇಳಬೇಕು. ನಾ ನಿನ್ನೆ ಬಂದಾವ, ನನ್ನ ಮಾತು ಯಾರು ಕೇಳ್ತಾರ? ಐದು ವರ್ಷ ತಪ್ಪು ಮಾಡೀನಿ ಅಂತ ನೀ ಅಂದ್ರ ಕೇಳ್ತಾರ" ಎಂದರು. ಹೂಂ ಎಂದೆ.

ಹೇಳಲಿಲ್ಲ. ಕಾರಣ ಹುಡುಕಬೇಡಿ. ಹೆಸರು ಹೋಗುತ್ತದೆ ಎಂಬ ಅಂಜಿಕೆ, ಮತ್ತೇನೂ ಅಲ್ಲ.

ಅಷ್ಟರಲ್ಲಿ ಹೊಸ ಡಾಕ್ಟರೂ ಒಂದು ತಪ್ಪು ಮಾಡಿದರು. ನೀರಿನ ಹುಳ ಕೊಲ್ಲಲು ತಾಲೂಕಿನಿಂದ ಬಿಳಿ ಪುಡಿಯ ಡಬ್ಬಿ ತಂದರು. ಬಾವಿಯ ಅಳತೆ ಚಾವಡಿಯ ಕಾಗದದಲ್ಲಿತ್ತು. ಅದನ್ನು ನೋಡಿ, ಲೆಕ್ಕ ಮಾಡಿ, ಇಷ್ಟು ಪುಡಿ ಎಂದರು. ಕಾಗದದ ಅಳತೆ ಮಳೆಗಾಲದ್ದು. ಅಂದು ಬಾವಿಯಲ್ಲಿ ನೀರು ಸೊಂಟದ ಮಟ್ಟ. ದಿನಾ ಆ ನೀರಿನಲ್ಲಿ ಕೂರುವವಳು ನಾನು, ಪುಡಿ ಹೆಚ್ಚಾಗುತ್ತದೆ ಎಂದು ನನಗೆ ಅನಿಸಿತ್ತು. ಓದಿದವರ ಲೆಕ್ಕದಲ್ಲಿ ನಾನೇಕೆ ಬಾಯಿ ಹಾಕಲಿ ಎಂದು ಹಾಕಲಿಲ್ಲ. ಪುಡಿ ಕಲಸಿ ಸುರಿದವಳೂ ನಾನೇ.

ಮರುದಿನ ಮುಂಜಾನೆ ಬಾವಿಯ ತುಂಬ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೀರು ಶುದ್ಧ ಇರಲಿ ಎಂದು ಹಿರಿಯರು ಬಿಟ್ಟ ಮೀನುಗಳು, ಯಾರೂ ಹಿಡಿಯುತ್ತಿರಲಿಲ್ಲ. ಕಪ್ಪೆಗಳು ಮೆಟ್ಟಿಲ ಸಂದಿಯಲ್ಲಿ ಸೆಟೆದು ಬಿದ್ದಿದ್ದವು. ಒಂದು ಮುದಿ ಆಮೆ ಕಣ್ಣಿಗೆ ಪೊರೆ ಬಂದ ಹಾಗೆ ಆಗಿ ಮೇಲಿನ ಮೆಟ್ಟಿಲಿಗೆ ಬಂದು ಕೂತಿತ್ತು, ಮಧ್ಯಾಹ್ನಕ್ಕೆ ಅದೂ ಸತ್ತಿತು. ಆ ಮೀನುಗಳು ನೀರಿನ ಹುಳವನ್ನೇ ತಿಂದು ಬದುಕುತ್ತಿದ್ದವು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಹುಳ ಎರಡು ವಾರದಲ್ಲಿ ಮತ್ತೆ ಹುಟ್ಟಿತು. ಮೀನು ಹುಟ್ಟಲಿಲ್ಲ. ನೀರಿಗೆ ಔಷಧ ಹಾಕುವ ಹುಡುಗಿಯರೇ, ಮೊದಲು ಕೋಲು ಇಳಿಬಿಟ್ಟು ಅಂದಿನ ನೀರು ಅಳೆಯಿರಿ. ಸಾಹೇಬರ ಕಾಗದ ಆಮೇಲೆ.

ಸಂಜೆಯೊಳಗೆ ಚಾವಡಿ ತುಂಬಿತು. ಸರಕಾರದವರು ನೀರಿಗೆ ವಿಷ ಹಾಕಿದರು ಎಂಬ ಕೂಗು. ಹೊಸ ಡಾಕ್ಟರು ಹುಳ, ಮರಿ, ಮೆಟ್ಟಿಲು ಎಂದು ಬಿಡಿಸಿ ಹೇಳಿದರು. ಸತ್ತ ಮೀನು ಕಣ್ಣೆದುರಿಗಿರುವಾಗ ಕಾಣದ ಮರಿಯ ಮಾತು ಯಾರಿಗೆ ಬೇಕು. ಗೌಡರು ಕೈ ಎತ್ತಿ ಸುಮ್ಮನಾಗಿಸಿದರು. ನನ್ನನ್ನು ಮುಂದೆ ಕರೆದರು.

"ಹುಸೇನವ್ವ, ನೀ ನಮ್ಮೂರಾಕಿ. ನೀನ ಹೇಳು. ನೀರಾಗ ಕಾಲಿಟ್ರ ನಾರಿನವರಿಗೆ ಆರಾಮ ಆಗ್ತೈತೋ ಇಲ್ಲೋ?"

"ಆಗ್ತೈತ್ರಿ" ಎಂದೆ.

ಮುಂದಿನ ಮಾತು ಬಾಯಿಯ ತನಕ ಬಂದಿತ್ತು. ನುಂಗಿದೆ. ಗೌಡರು ಡಾಕ್ಟರ ಕಡೆ ತಿರುಗಿ, "ಕೇಳಿದ್ರಿಲ್ಲ?" ಎಂದರು. ಮೆಟ್ಟಿಲು ಮುಚ್ಚುವ ಮಾತು ಅಲ್ಲಿಗೆ ಮುಗಿಯಿತು. ಹಿಂದಿರುಗುವಾಗ ಡಾಕ್ಟರು, "ನೀ ಸುಳ್ಳು ಹೇಳಿದ್ದರ ಜಗಳಾಡಬಹುದಿತ್ತು. ಖರೆ ಹೇಳಿ ಕೊಂದಿ" ಎಂದರು. ನಾನು ಮರುದಿನದಿಂದ ಬಾವಿಗೆ ರೋಗಿಗಳನ್ನು ಕರೆದೊಯ್ಯಲಿಲ್ಲ. ಆದರೇನು, ಅಭ್ಯಾಸ ಬಿದ್ದವರು ತಾವೇ ಹೋಗಿ ಕೂರುತ್ತಿದ್ದರು. ನೋಡಿಯೂ ನೋಡದ ಹಾಗೆ ದವಾಖಾನೆಗೆ ಹೋಗುತ್ತಿದ್ದೆ.

ಇಲ್ಲಿ ಒಂದು ಅಡ್ಡ ಮಾತು ಹೇಳಬೇಕು. ಮುಂದೆ ನಾನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆ ಕೆಲಸ ಮಾಡಿದೆ. ಬಾಗೇವಾಡಿಯಲ್ಲಿ ಒಮ್ಮೆ ಹಳೆಯ ಡಾಕ್ಟರು ಸಿಕ್ಕರು. ನಿವೃತ್ತರಾಗಿದ್ದರು, ಮಗಳ ಮನೆಗೆ ಬಂದಿದ್ದರು. ಕೇಳಿಯೇಬಿಟ್ಟೆ: "ಸಾಹೇಬ್ರ, ನಾರು ನೀರಿನಿಂದ ಬರ್ತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಎಲ್ಲಾ ಪುಸ್ತಕದಾಗ ಐತಲ್ಲ" ಎಂದರು.

"ಮತ್ತ ಬಾವಿಗೆ ಯಾಕ ಕಳಸಿದ್ರಿ?"

"ಎಷ್ಟು ಮಂದಿಗೆ ಹೇಳೋದು ಹುಸೇನಬಿ? ಹೇಳಿದ್ರ ಆ ಮಂದಿಗೆ ತಿಳೀತಿತ್ತ?"

ಚಹಾ ಕುಡಿ ಎಂದರು. ಕುಡಿಯಲಿಲ್ಲ. ಆ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಮುದ್ದೇಬಿಹಾಳದ ಕಡೆ ಒಂದು ಹಳ್ಳಿಯಲ್ಲಿ ನೀರು ಸೋಸಿ ಕುಡಿಯಿರಿ ಎಂದು ನಾನೇ ಮನೆ ಮನೆಗೆ ಹೇಳಿದ್ದೆ. ಎಲ್ಲರೂ ಸೋಸಿದರು. ಮುಂದಿನ ಬೇಸಿಗೆಯಲ್ಲಿ ನಾರು ಕಡಿಮೆಯಾಗಲೇ ಇಲ್ಲ. ನೋಡಿದರೆ, ಇಂದು ಸೋಸಿದ ಬಟ್ಟೆಯನ್ನು ಹಾಗೇ ಇಟ್ಟು, ನಾಳೆ ಇನ್ನೊಂದು ಮಗ್ಗುಲು ಮೇಲೆ ಮಾಡಿ ಕಟ್ಟುತ್ತಿದ್ದರು. ನಿನ್ನೆ ಹಿಡಿದ ಹುಳ ಇಂದು ಕೊಡದೊಳಗೆ. ಬಟ್ಟೆಯ ಮಗ್ಗುಲಿನ ಮಾತನ್ನು ನಾನು ಹೇಳಿರಲಿಲ್ಲ. ಆ ಮಂದಿಗೆ ತಿಳಿಯುತ್ತಿತ್ತು. ಒಂದು ಮೂಲೆಗೆ ಕೆಂಪು ದಾರ ಹಾಕಿ, ಇದು ಯಾವಾಗಲೂ ಮೇಲೆ ಇರಲಿ ಎಂದ ಕೂಡಲೇ ತಿಳಿಯಿತು. ಹೇಳುವವರಿಗೆ ಪೂರ್ತಿ ಹೇಳುವ ಬುದ್ಧಿ ಇರಬೇಕು, ಅಷ್ಟೇ.

ತಿರುಗಿ ಆ ಊರಿಗೆ ಬರುತ್ತೇನೆ. ಚಾವಡಿ ಸೇರಿದ ಅದೇ ತಿಂಗಳಲ್ಲಿ ನೀಲವ್ವನ ಮಗನ ಮದುವೆಯಾಯಿತು. ನೀಲವ್ವ ನಾಲ್ಕು ಕೂರಿಗೆ ಹೊಲದ ಒಡತಿ, ಬಾಯಿಯೂ ಕೈಯೂ ಬಿರುಸು. ಸೊಸೆ ಶಿವಲಿಂಗವ್ವ ಸಿಂದಗಿ ತಾಲೂಕಿನ ಭೀಮಾ ಹೊಳೆಯ ದಂಡೆಯಿಂದ ಬಂದವಳು. ಹೊಳೆಯ ಹರಿಯುವ ನೀರು ಕುಡಿದು ಬೆಳೆದವಳು, ಅವಳ ಊರಿನಲ್ಲಿ ನಾರು ಎಂಬುದೇ ಇಲ್ಲ. ಹದಿನೆಂಟು ತುಂಬಿರಲಿಲ್ಲ. ಬಂದ ಮರುದಿನವೇ ಬಾವಿಯ ಮೆಟ್ಟಿಲಿನಲ್ಲಿ ಅವಳನ್ನು ನೋಡಿದೆ. ಎಡಗಡೆ ಕೊಡ ತುಂಬುತ್ತಿದ್ದಳು. ಬಲಗಡೆ ಮೂವರು ಕಾಲು ಇಳಿಬಿಟ್ಟಿದ್ದರು. ನಾನು ನಿಂತು ನೋಡಿದೆ, ಆಮೇಲೆ ಕೆಲಸಕ್ಕೆ ಹೋದೆ.

ಒಂದು ವರ್ಷ ಅವಳು ಆ ನೀರು ಕುಡಿದಳು. ಮುಂದಿನ ಬೇಸಿಗೆ ಅವಳ ಬಲಗಾಲ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ನನ್ನನ್ನು ಕರೆಸಿದರು. ಕಾಲು ನೋಡಿಕೊಂಡು ನಗುತ್ತ ಕೂತಿದ್ದಳು.

"ನಮ್ಮೂರಾಗ ನೂಲು ರಾಟೀಲಿ ತೆಗೀತಾರ್ರಿ ಯವ್ವಾ. ನಿಮ್ಮೂರಾಗ ಕಾಲಾಗಿಂದ ತೆಗೀತೀರಿ."

ನನಗೆ ನಗು ಬರಲಿಲ್ಲ. ಬೇರೆ ಎಲ್ಲರ ನಾರಿಗೆ ಇದು ಯಾವ ವರ್ಷದ ನೀರು ಎಂದು ಹೇಳಲು ಬರುವುದಿಲ್ಲ, ಅವರು ಹುಟ್ಟಿದಾಗಿನಿಂದ ಅದನ್ನೇ ಕುಡಿದವರು. ಇವಳದಕ್ಕೆ ಹೇಳಬಹುದಿತ್ತು. ಚಾವಡಿಯಲ್ಲಿ ನಾನು ಬಾಯಿ ಮುಚ್ಚಿದ ಮೇಲಿನ ನೀರು.

ಕುದಿಸಿ ಆರಿಸಿದ ನೀರನ್ನು ಬೋಗುಣಿಯಲ್ಲಿ ಒಯ್ದು, ದಿನಾ ಅವರ ಪಡಸಾಲೆಯಲ್ಲೇ ಕೂತು ನಾರನ್ನು ಕಡ್ಡಿಗೆ ಸುತ್ತುತ್ತಿದ್ದೆ. ಬೋಗುಣಿಯ ನೀರನ್ನು ದೂರ ಒಯ್ದು ತಿಪ್ಪೆಗೆ ಚೆಲ್ಲುತ್ತಿದ್ದೆ. "ಇನ್ನ ಎಂಟು ದಿನ ಕಾಲು ನೆಲಕ್ಕ ಊರಬ್ಯಾಡ. ನಾ ತೆಗದು ಕೊಡ್ತೇನಿ, ನಂದು ಜವಾಬ್ದಾರಿ" ಎಂದು ಅವಳಿಗೆ ಹೇಳಿದೆ. ನೀಲವ್ವನಿಗೂ ಹೇಳಿದೆ. ಐದನೆಯ ದಿನಕ್ಕೆ ಹೆಚ್ಚು ಕಡಿಮೆ ಅರ್ಧ ಮೊಳ ಬಂದಿತ್ತು.

ಆರನೆಯ ದಿನ ಒಬ್ಬಾಕೆಯ ಹೆರಿಗೆ ಮಾಡಿಸಲು ಬೇರೆ ಹಳ್ಳಿಗೆ ಹೋದೆ. ಮೂರು ದಿನ ಅಲ್ಲೇ ಉಳಿಯಬೇಕಾಯಿತು. ಅಷ್ಟರಲ್ಲಿ ರೋಹಿಣಿ ಮಳೆ ಬಿತ್ತು. ಬಿತ್ತನೆಯ ಮಿರಗದ ಮಳೆ ಬರುವುದರೊಳಗೆ ಹೊಲ ಹಸನಾಗಬೇಕು, ಆಳುಗಳೆಲ್ಲ ನಾರಿನಿಂದ ಮಲಗಿದ್ದಾರೆ. ನೀಲವ್ವ ಸೊಸೆಯನ್ನು ಹತ್ತಿಕಟ್ಟಿಗೆ ಆರಿಸಲು ಹೊಲಕ್ಕೆ ಕರೆದೊಯ್ದಳು. ಕಾಲಿಗೆ ಕಟ್ಟಿದ್ದ ಕಡ್ಡಿ ಹತ್ತಿಯ ಕೂಳೆಗೆ ಸಿಕ್ಕಿ ನಾರು ಹರಿಯಿತು. ಅವಳು ಹೇಳಿದರೆ ಬೈಯುತ್ತಾರೆ ಎಂದು ಸುಮ್ಮನಿದ್ದಳಂತೆ. ಸಂಜೆ ಕಾಲು ಬಾತಾಗ ನೀಲವ್ವ ಸಗಣಿ ಬೂದಿ ಕಲಸಿ ಮೆತ್ತಿ ಕಟ್ಟಿದಳು. ನಾನು ಬಂದು ಬಿಚ್ಚಿದಾಗ ಎರಡು ದಿನವಾಗಿತ್ತು. ತೊಳೆದೆವು, ಕೊಯ್ದೆವು, ಡಾಕ್ಟರು ತಮ್ಮ ಹತ್ತಿರ ಇದ್ದ ಸೂಜಿಯನ್ನೆಲ್ಲ ಹಾಕಿದರು. ನಾರು ಹರಿದ ಎಂಟನೆಯ ದಿನ ಅವಳಿಗೆ ದವಡೆ ಕಟ್ಟಿತು. ಧನುರ್ವಾಯು.

ರೈಲು ಹಿಡಿದು ವಿಜಾಪುರದ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂದು ಚಕ್ಕಡಿ ಕಟ್ಟಿಸಿದರು. ನಾನು ಹಿಂದೆ ಕೂತು ಅವಳ ತಲೆ ಹಿಡಿದುಕೊಂಡೆ. ಚಕ್ಕಡಿಯ ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಎಚ್ಚರ ಪೂರ್ತಿ ಇತ್ತು, ಅದೇ ಆ ಬೇನೆಯ ಕೆಟ್ಟ ಗುಣ. ಸ್ಟೇಷನ್ನು ಇನ್ನೂ ಎರಡು ಹರದಾರಿ ಇರುವಾಗ, ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಪ್ರಾಣ ಹೋಯಿತು. ಚಕ್ಕಡಿ ಹೊಡೆಯುವವನಿಗೆ, "ತಿರುಗಿಸು" ಎಂದೆ.

ಅಂದೇ ಹೊತ್ತು ಇಳಿಯುವ ಮೊದಲು ಹೊಲದಲ್ಲಿ ಕುಣಿ ತೋಡಿ ಮಣ್ಣು ಕೊಟ್ಟರು. ಗಂಡಸರು ಕೈಕಾಲು ತೊಳೆದುಕೊಂಡು ಚಾವಡಿಯಲ್ಲಿ ಕೂತರು. ಹೊಸ ಡಾಕ್ಟರು ತಾಲೂಕಿಗೆ ಬರೆಯಲು ಹೋಗಿದ್ದರು. ಅರ್ಜಿ ಬರೆದು ಮೆಟ್ಟಿಲು ಮುಚ್ಚಿಸುತ್ತೇನೆ ಎಂದಿದ್ದರು. ಅಂಥ ಅರ್ಜಿಗಳನ್ನು ನಾನು ನೋಡಿದ್ದೆ. ಚಾವಡಿಯ ಮುಂದೆ ಹೋಗಿ ನಿಂತೆ.

"ಹ್ವಾದ ವರ್ಷ ಇಲ್ಲೇ ನಿಂತು ಅರ್ಧ ಮಾತು ಹೇಳಿದ್ದೆ" ಎಂದೆ. "ಉಳಿದ ಅರ್ಧ ಈಗ ಕೇಳ್ರಿ. ನೀರಾಗ ಕಾಲಿಟ್ರ ನೋವು ಇಳೀತೈತಿ, ಅದು ಖರೆ. ಆ ನೀರು ಕುಡದಾವರಿಗೆ ವರ್ಷಕ್ಕ ನಾರು ಏಳ್ತೈತಿ, ಅದೂ ಖರೆ. ಐದು ಬ್ಯಾಸಿಗಿ ನಿಮ್ಮನ್ನ ಸಾಲಾಗಿ ಕೂಡ್ಸಿ ಬಾವಿ ಕೆಡಿಸಿದಾಕಿ ನಾನು. ಗೊತ್ತಾದ ಮ್ಯಾಗೂ ಒಂದು ವರ್ಷ ಬಾಯಿ ಬಿಡಲಿಲ್ಲ. ಈ ಹುಡುಗಿ ನಮ್ಮೂರಿಗೆ ಬಂದಾಗ ಅಕಿ ಕಾಲಾಗ ಏನೂ ಇರಲಿಲ್ಲ. ಮೆಟ್ಟಿಲು ಮುಚ್ಚರಿ."

ಸಂಗಪ್ಪಜ್ಜ ತನ್ನ ಕಾಲು ನೋಡಿಕೊಂಡ. ಗೌಡರು ಗಂಟಲು ಸರಿಮಾಡಿಕೊಂಡರು.

"ಹುಸೇನವ್ವ, ಈಗರ ಮಣ್ಣು ಕೊಟ್ಟು ಬಂದೀವಿ. ಇವತ್ತ ಈ ಮಾತು ಬ್ಯಾಡ. ಬಿತ್ತಿಗಿ ಮುಗೀಲಿ. ಕಾರಹುಣ್ಣಿಮಿ ಆಗಲಿ. ಎಲ್ಲಾರೂ ಕೂತು ವಿಚಾರ ಮಾಡೂಣು."

"ಅಲ್ಲೀತನಕ ಏನು ಕುಡೀತೀರಿ?"

"ಏನು ಕುಡೀತಿದ್ವಿ ಅದನ್ನ."

ಚಾವಡಿಯ ಎದುರು ಗೋಡೆಗೆ ಒರಗಿ ನೀಲವ್ವ ನೆಲದ ಮೇಲೆ ಕೂತಿದ್ದಳು. ಅಷ್ಟು ಹೊತ್ತು ತಲೆ ಎತ್ತಿರಲಿಲ್ಲ. ಈಗ ಎತ್ತಿದಳು.

"ನನ್ನ ಸೊಸಿನ್ನ ನೀ ತಿಂದಿ" ಎಂದಳು.

"ಅರ್ಧ ನಾ ತಿಂದೇನಿ, ನೀಲವ್ವ" ಎಂದೆ. "ಅರ್ಧ ನೀ."

ಇಬ್ಬರು ಹೆಂಗಸರು ಅವಳನ್ನು ಎಬ್ಬಿಸಿಕೊಂಡು ಹೋದರು. ನನ್ನನ್ನು ಯಾರೂ ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಮನೆಗೆ ಹೋದೆ. ಮಗಳಿಗೆ ರೊಟ್ಟಿ ಬಡಿದು ಹಾಕಿದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೊಡಲಿ, ಕವೆಗೋಲು ಹಿಡಿದು ಹಳ್ಳದ ದಂಡೆಗೆ ಹೋದೆ. ಜಾಲಿಯ ಮುಳ್ಳು ಕಡಿದೆ. ಹೊರೆ ಹೊರೆಯಾಗಿ ಎಳೆದು ತಂದು ಬಾವಿಯ ಮೆಟ್ಟಿಲುಗಳಿಗೆ ತುಂಬಿದೆ. ಮೊದಲು ಕೆಳಗಿನ ನಾಲ್ಕು, ಆಮೇಲೆ ನಡುವಿನವು, ಕೊನೆಗೆ ಮೆಟ್ಟಿಲ ಬಾಯಿ. ಹೊಲದ ದಾರಿ ಬಂದ್ ಮಾಡಬೇಕಾದರೆ ನಮ್ಮ ಕಡೆ ಹೇಗೆ ಮುಳ್ಳು ಬಡಿಯುತ್ತಾರೋ ಹಾಗೆ, ಮೇಲೆ ಕಲ್ಲು ಹೇರಿ ಬಿಗಿ ಮಾಡಿದೆ. ಬರಿಗಾಲಿನವರು ದಾಟುವ ಹಾಗಿರಲಿಲ್ಲ, ಆ ಊರಿನಲ್ಲಿ ನೀರಿಗೆ ಬರುವವರೆಲ್ಲ ಬರಿಗಾಲಿನವರು. ಮನೆಯಲ್ಲಿದ್ದ ಎರಡು ಪುಂಡಿ ಹಗ್ಗಗಳನ್ನು ಗಂಟು ಹಾಕಿ ಉದ್ದ ಮಾಡಿ, ಮೂಡಲ ಗೋಡೆಯ ಮೇಲೆ ನಿಂತೆ. ಇದಕ್ಕೆ ಸರಕಾರದ ಅಪ್ಪಣೆ ಇರಲಿಲ್ಲ, ಗೌಡರ ಅಪ್ಪಣೆಯೂ ಇರಲಿಲ್ಲ. ನೌಕರಿ ಹೋಗುತ್ತದೆ ಎಂದು ಗೊತ್ತಿತ್ತು.

ಮೊದಲು ಬಂದವಳು ನೀಲವ್ವ. ಸೂತಕದ ಮನೆ, ನೀರು ತರಲು ಮತ್ತೆ ಯಾರೂ ಇರಲಿಲ್ಲ. ಮುಳ್ಳು ನೋಡಿದಳು. ನನ್ನ ಕೈ ನೋಡಿದಳು, ಮೊಣಕೈಯ ತನಕ ಗೀರಿ ರಕ್ತವಾಗಿತ್ತು. ಅವಳ ಹಿಂದೆ ಬಂದ ಹೆಂಗಸರು ಗುಂಪಾಗಿ ದೂರ ನಿಂತು, ಇವಳು ಏನು ಮಾಡುತ್ತಾಳೆ ಎಂದು ಕಾದರು. ಅವಳು ಮುಳ್ಳು ಕಿತ್ತೆಸೆಯಿರಿ ಎಂದು ಒಂದು ಮಾತು ಅಂದಿದ್ದರೆ ಅವರೆಲ್ಲ ಕೂಡಿ ಕಿತ್ತೆಸೆಯುತ್ತಿದ್ದರು.

ನಾನು ಅವಳ ಕೊಡಕ್ಕೆ ಕೈ ಚಾಚಿದೆ.

"ನೀ ಮುಟ್ಟಬ್ಯಾಡ" ಎಂದಳು. ಗೋಡೆ ಹತ್ತಿ ನನ್ನ ಮಗ್ಗುಲಿಗೆ ಬಂದು ನಿಂತಳು. ಕೆಳಗೆ ನೀರನ್ನು ಸ್ವಲ್ಪ ಹೊತ್ತು ನೋಡಿದಳು.

"ಹಗ್ಗ ಇತ್ತ ಕೊಡು."